ಅಮ್ಮನ ಸೆರಗು, ಮಗುವಿನ ಆಟ

ಬೆಳಿಗ್ಗೆ ಎಂಟಕ್ಕೆ ಮಗುವನ್ನು ಕ್ರೆಶ್‌ನಲ್ಲಿ ಬಿಟ್ಟು ಲೋಕಲ್ ಹಿಡಿಯಲು ಓಡುವ ಅಮ್ಮಂದಿರೇ, ಈ ಲೇಖನ ನಿಮಗಾಗಿ. (ಅಪ್ಪಂದಿರೂ ಓದಿ, ನಿಮ್ಮ ಪಾತ್ರವೂ ಇದೆ!) "ನಾನು ಕೆಲಸಕ್ಕೆ ಹೋಗೋದರಿಂದ ಮಗು ಮಂಕಾಗುತ್ತಾ? ಊರಲ್ಲಿ ಅಜ್ಜಿ ಹತ್ತಿರ ಇದ್ದಿದ್ದರೆ ಇನ್ನೂ ಚುರುಕಾಗ್ತಿತ್ತಾ?" ಎಂಬ ಚಿಂತೆ ಮುಂಬೈಯಲ್ಲಿದ್ದರೂ ಒಂದೇ, ಚೆನ್ನೈಯಲ್ಲಿದ್ದರೂ ಒಂದೇ. ಮನೋವಿಜ್ಞಾನಿಗಳು ಇದಕ್ಕೆ ಏನು ಹೇಳುತ್ತಾರೆ, ನೋಡೋಣ ಬನ್ನಿ.

ಹಾಲು ಕೊಡುತ್ತಾಳೆ ಎಂಬ ಕಾರಣಕ್ಕೇ ಮಗು ತಾಯಿಯನ್ನು ಹಚ್ಚಿಕೊಳ್ಳುತ್ತದೆ ಎಂದು ಒಂದು ಕಾಲದಲ್ಲಿ ಪಂಡಿತರು ನಂಬಿದ್ದರು. ಬ್ರಿಟನ್ನಿನ ಜಾನ್ ಬೌಲ್ಬಿ ಇದನ್ನು ಒಪ್ಪಲಿಲ್ಲ. ಅಮೆರಿಕದ ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಿಸಿದ ಪ್ರಯೋಗವೂ ಬೇರೆಯದನ್ನೇ ಹೇಳಿತು. ಹೆತ್ತ ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳಿಗೆ ಅವರು ಎರಡು ಬೊಂಬೆ ತಾಯಂದಿರನ್ನು ಕೊಟ್ಟರು. ಒಂದು ತಂತಿಯದು, ಇನ್ನೊಂದು ಮೆತ್ತನೆ ಬಟ್ಟೆಯದು. ಹಾಲಿನ ಬಾಟಲಿ ತಂತಿ ತಾಯಿಯಲ್ಲಿದ್ದರೂ ಮರಿಗಳು ಕುಡಿದು ಮುಗಿಸಿ ಬಟ್ಟೆ ತಾಯಿಯನ್ನೇ ಅಪ್ಪಿಕೊಂಡು ಕೂರುತ್ತಿದ್ದವು. (ಪಾಪ, ಇದು ಕ್ರೂರ ಪ್ರಯೋಗವೇ ಸರಿ.) ನಮಗೆ ಬೇಕಾದದ್ದು ಮುಂದಿನ ಭಾಗ. ಹೊಸ ಕೋಣೆಯಲ್ಲಿ ಬಟ್ಟೆ ತಾಯಿ ಇದ್ದರೆ ಮರಿ ಮೊದಲು ಅದನ್ನು ಅಪ್ಪಿಕೊಂಡು, ಧೈರ್ಯ ತಂದುಕೊಂಡು, ಆಮೇಲೆ ಅಲ್ಲಿದ್ದ ಸಾಮಾನುಗಳನ್ನು ಮುಟ್ಟಿ ನೋಡಲು ಹೊರಡುತ್ತಿತ್ತು. ಅದಿಲ್ಲದಿದ್ದರೆ ಮೂಲೆಯಲ್ಲಿ ಮುದುಡಿ ಕೂರುತ್ತಿತ್ತು.

ಮನುಷ್ಯರ ಮಕ್ಕಳಲ್ಲೂ ಹೀಗೆಯೇ? ಬೌಲ್ಬಿಯವರ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ಇದನ್ನು ಮೊದಲು ಉಗಾಂಡಾದ ಹಳ್ಳಿಗಳಲ್ಲಿ, ನಂತರ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಗಮನಿಸಿದರು. ಅವರು ರೂಪಿಸಿದ ಪರೀಕ್ಷೆ ಸುಮಾರು 20 ನಿಮಿಷದ್ದು. ಆಟಿಕೆಗಳಿರುವ ಅಪರಿಚಿತ ಕೋಣೆ. ಅಮ್ಮ ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತಾಳೆ. ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ ಬಂದಾಗ ಏನು ಮಾಡಿತು ಎಂಬುದೇ ಇಲ್ಲಿ ಮುಖ್ಯ. ಭದ್ರ ಭಾವನೆಯಿರುವ ಮಗು ಅಮ್ಮನ ಹತ್ತಿರ ಬಂದು, ಸಮಾಧಾನವಾಗಿ, ಮತ್ತೆ ಆಟಕ್ಕೆ ಮರಳುತ್ತದೆ. ಈ ಮರಳಿ ಆಡುವುದರಲ್ಲೇ ಸೃಜನಶೀಲತೆಯ ಬೇರು ಇದೆ.

1978ರಲ್ಲಿ ಪ್ರಕಟವಾದ ಮಿನ್ನೆಸೋಟಾದ ಅಧ್ಯಯನ ನೋಡಿ. ಒಂದೂವರೆ ವರ್ಷದಲ್ಲಿ ಈ ಪರೀಕ್ಷೆ ಮಾಡಿದ್ದ ಮಕ್ಕಳಿಗೆ ಎರಡು ವರ್ಷವಾದಾಗ ಕೆಲವು ಒಗಟಿನಂಥ ಕೆಲಸ ಕೊಟ್ಟರು. ಉದಾಹರಣೆಗೆ, ಹಲಗೆಯೊಂದರ ತುದಿಗೆ ಮರದ ತುಂಡು ಹೇರಿದರೆ ಮಾತ್ರ ಪೆಟ್ಟಿಗೆಯೊಳಗಿನ ಮಿಠಾಯಿ ಮೇಲೆ ಬರುತ್ತದೆ. ಭದ್ರ ಭಾವನೆಯ ಮಕ್ಕಳು ಹೆಚ್ಚು ಉತ್ಸಾಹ ತೋರಿದರು, ಬೇಗ ಕೈ ಚೆಲ್ಲಲಿಲ್ಲ. ಅಷ್ಟೇ ಅಲ್ಲ, 'ಇದು ಬಸ್ಸು, ಇದು ಊಟ' ಎನ್ನುವಂಥ ಸುಳ್ಳು-ಸುಳ್ಳೇ ಆಟವನ್ನೂ ಹೆಚ್ಚು ಆಡಿದರು.

ಲಂಡನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಅವರದು ಇನ್ನೊಂದು ಸೊಗಸಾದ ಮಾತು. ಮಕ್ಕಳು ಬಿಡದೆ ಹಿಡಿದುಕೊಳ್ಳುವ ಹಳೇ ಹೊದಿಕೆ, ಬೊಂಬೆಗಳನ್ನು ಅವರು ಬಹಳ ಗಂಭೀರವಾಗಿ ತೆಗೆದುಕೊಂಡರು. ನಮ್ಮಲ್ಲಿ ಅಮ್ಮನ ಹಳೇ ಸೀರೆ, ಇಲ್ಲವೇ ಅದರಿಂದ ಹೊಲಿದ ಕೌದಿ ಇದೆಯಲ್ಲ, ಹಾಗೆ. ಬಟ್ಟೆ ಹೊರಗಿನದು, ಅದಕ್ಕೆ ಅಮ್ಮನ ಅರ್ಥ ಕೊಟ್ಟದ್ದು ಮಗುವಿನ ಮನಸ್ಸು. ಮುಂದೆ ಆಟ, ಕಲೆ ಎಲ್ಲ ಹುಟ್ಟುವುದು ಈ ನಡುವಿನ ಜಾಗದಲ್ಲೇ ಎಂದರು ಅವರು. ಅದಕ್ಕೇ ಆ ತುಂಡನ್ನು ಕೊಳೆಯಾಯಿತೆಂದು ಬಿಸಾಡಬೇಡಿ!

ಹಾಗೆಂದು ಭದ್ರವಾಗಿ ಬೆಳೆದವರೆಲ್ಲ ಕವಿಗಳಾಗುತ್ತಾರೆ ಎಂದಲ್ಲ. ನ್ಯೂಟನ್‌ಗೆ ಮೂರು ವರ್ಷವಾದಾಗ ತಾಯಿ ಮರುಮದುವೆಯಾಗಿ ಅವನನ್ನು ಅಜ್ಜಿಯ ಬಳಿ ಬಿಟ್ಟು ಹೋದಳು. ಅಂಥ ಒಬ್ಬಿಬ್ಬರನ್ನು ತೋರಿಸಿ 'ದುಃಖದಿಂದಲೇ ಪ್ರತಿಭೆ' ಎನ್ನುವವರೂ ಇದ್ದಾರೆ. ನನಗೇನೋ ಅದು ಒಪ್ಪಿಗೆಯಿಲ್ಲ. ದುಃಖಪಟ್ಟು ನ್ಯೂಟನ್ ಆಗದವರ ಲೆಕ್ಕ ಇಟ್ಟವರು ಯಾರು?

ಇನ್ನು ನಿಮ್ಮ ಕ್ರೆಶ್ ಪ್ರಶ್ನೆ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಶಿಶುಗಳನ್ನು ಗಮನಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1997ರಲ್ಲಿ ಬಂತು. ಬೇರೆಯವರ ಆರೈಕೆಯಲ್ಲಿರುವುದರಿಂದಲೇ 15 ತಿಂಗಳ ಮಗುವಿನ ಭದ್ರ ಭಾವನೆ ಕೆಡುವುದಿಲ್ಲ ಎಂದು ಗೊತ್ತಾಯಿತು. ಮಗುವಿನ ಅಳು, ನಗು, ಸನ್ನೆಗೆ ತಾಯಿ ಹೇಗೆ ಸ್ಪಂದಿಸುತ್ತಾಳೆ ಎಂಬುದೇ ದೊಡ್ಡದು. ಮನೆಯಲ್ಲೂ ಸ್ಪಂದನೆ ಕಡಿಮೆ, ಕ್ರೆಶ್‌ನಲ್ಲೂ ಆರೈಕೆ ಕಳಪೆ ಎಂದಾದಾಗ ತೊಂದರೆ ಹೆಚ್ಚು.

ಅಪ್ಪಂದಿರೇ, ಈಗ ನಿಮ್ಮ ಸರದಿ. ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ 60 ಶಿಶುಗಳನ್ನು ನೋಡಿದ 1964ರ ಅಧ್ಯಯನದಲ್ಲಿ, ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದವು. ಅಪ್ಪ, ಅಜ್ಜಿ, ಅಕ್ಕ ಎಲ್ಲರೂ ಆ ಪಟ್ಟಿಯಲ್ಲಿದ್ದರು.

ಅಂದ ಹಾಗೆ, ನಮ್ಮ ದೇಶದಲ್ಲಿ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು (ಮೊದಲ ಎರಡು ಮಕ್ಕಳಿಗೆ). 50 ಅಥವಾ ಹೆಚ್ಚು ನೌಕರರಿರುವ ಕಡೆ ಕ್ರೆಶ್ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂಬ ನಿಯಮವೂ ಆಗಲೇ ಬಂತು. ನಿಮ್ಮ ಆಫೀಸಿನಲ್ಲಿ ಇದೆಯೇ? ನಾಳೆಯೇ ಕೇಳಿ ನೋಡಿ.