ಸಿಂಗಾಪುರದ ಜೊತೆ ಮಲೇಷ್ಯಾನೂ ಸೇರಿಸ್ಬೇಕಾ? ದುಡ್ಡಿಗಿಂತ ಮೊದಲು ದಿನ ಎಣಿಸಿ

ತಿಪಟೂರು: ಶಾಲೆಗೆ ರಜೆ ಹತ್ತಿರ ಬರ್ತಿದ್ದಂತೆ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಟೂರ್ ಪ್ಯಾಕೇಜ್ ಪೋಸ್ಟರ್‌ಗಳು ಓಡಾಡೋಕೆ ಶುರುವಾಗುತ್ತವೆ. 'ಸಿಂಗಾಪುರ, 5 ರಾತ್ರಿ 6 ದಿನ' ಅಂತ ಒಂದು. ಅದರ ಹಿಂದೆಯೇ 'ಸಿಂಗಾಪುರ–ಮಲೇಷ್ಯಾ, 5 ರಾತ್ರಿ 6 ದಿನ' ಅಂತ ಇನ್ನೊಂದು. ಎರಡರ ರೇಟಿನಲ್ಲೂ ಅಂಥ ದೊಡ್ಡ ವ್ಯತ್ಯಾಸ ಇರಲ್ಲ. ಅಷ್ಟೇ ದುಡ್ಡಿಗೆ ಎರಡು ದೇಶ ಅಂದ್ರೆ ಯಾರಿಗೆ ತಾನೇ ಬೇಡ?

ರೇಟು ಹತ್ತಿರ ಇರೋದಕ್ಕೆ ಕಾರಣ ಇದೆ. ಸಿಂಗಾಪುರದಲ್ಲಿ ಹೋಟೆಲ್ ರೂಮು ದುಬಾರಿ, ಕೌಲಾಲಂಪುರದಲ್ಲಿ ಸಾಕಷ್ಟು ಅಗ್ಗ. ಸಿಂಗಾಪುರದ ಎರಡು ರಾತ್ರಿ ತೆಗೆದು ಮಲೇಷ್ಯಾಕ್ಕೆ ಹಾಕಿದರೆ ಉಳಿದ ದುಡ್ಡಲ್ಲೇ ಬಸ್ಸೋ ವಿಮಾನವೋ ಆಗಿಬಿಡುತ್ತೆ. ಹಾಗಾಗಿ ಎರಡನೇ ಊರಿನ ನಿಜವಾದ ಬೆಲೆ ಪೋಸ್ಟರಿನಲ್ಲಿ ಕಾಣಲ್ಲ. ಆ ಬೆಲೆ ಕಟ್ಟೋದು ದಿನಗಳಲ್ಲಿ.

ಒಂದು ಕುಟುಂಬದ ಲೆಕ್ಕ ಇಟ್ಕೊಂಡು ನೋಡೋಣ. ಊರಲ್ಲಿ ದಿನಸಿ ಅಂಗಡಿ. ಗಂಡ, ಹೆಂಡತಿ, ಏಳನೇ ಕ್ಲಾಸಿನ ಮಗಳು, ಆರು ವರ್ಷದ ಮಗ, ಮಂಡಿ ನೋವಿನ 68ರ ಅಜ್ಜಿ, ಒಟ್ಟು ಐದು ಜನ. ಮೂರು ವರ್ಷ ಚೀಟಿ ಕಟ್ಟಿ ಕೂಡಿಟ್ಟ ಹಣ. ಅಂಗಡಿಯನ್ನು ಭಾವಮೈದುನನ ಕೈಗೆ ಕೊಟ್ಟು ಹೊರಡಬೇಕು. ಅಜ್ಜಿಗೆ ಇದು ಮೊದಲ ವಿಮಾನ ಪ್ರಯಾಣ, ಬಹುಶಃ ಕೊನೆಯದೂ ಇದ್ದೀತು. ಇಂಥ ಮನೆಗೆ ಟೂರು ಕೆಟ್ಟರೆ ಮುಂದಿನ ವರ್ಷ ಇನ್ನೊಂದು ಸಲ ಹೋಗೋಣ ಅನ್ನೋ ಮಾತಿಲ್ಲ.

ಆರು ದಿನದಲ್ಲಿ ಎಷ್ಟು ದಿನ ಸಿಗುತ್ತೆ?

ತಿಪಟೂರಿನಿಂದ ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತೆ ನಿಜ. ಆದರೂ ಊಟ, ಕಾಫಿ ಸೇರಿ ನಾಲ್ಕು ಗಂಟೆ ಹಿಡಿಯಿರಿ. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಬೆಂಗಳೂರಿಂದ ಸಿಂಗಾಪುರಕ್ಕೆ ಹಾರಾಟ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ವಿಮಾನ ಹತ್ತಿದವರು ಬೆಳಗ್ಗೆ ಇಳಿಯುವಾಗ ಸರಿಯಾಗಿ ನಿದ್ದೆ ಮಾಡಿರಲ್ಲ, ಹೋಟೆಲ್ ರೂಮು ಸಿಗೋದು ಮಧ್ಯಾಹ್ನದ ಮೇಲೆ. ಮೊದಲ ದಿನ ಅಲ್ಲಿಗೆ ಮುಗೀತು. ಕೊನೆಯ ದಿನ ಬ್ಯಾಗು ಕಟ್ಟೋದು, ಏರ್‌ಪೋರ್ಟ್ ಸೇರೋದು. ಆರರಲ್ಲಿ ಪೂರ್ತಿಯಾಗಿ ಕೈಗೆ ಸಿಗೋದು ನಾಲ್ಕೇ ದಿನ.

ಈಗ ಮಧ್ಯದಲ್ಲಿ ಊರು ಬದಲಾಯಿಸೋ ದಿನ ಬರುತ್ತೆ. ಸಿಂಗಾಪುರ–ಕೌಲಾಲಂಪುರ ವಿಮಾನ ಒಂದೇ ಗಂಟೆ ಅಂತ ಏಜೆಂಟರು ಹೇಳೋದು ಸುಳ್ಳಲ್ಲ. ಆದರೆ ಗಡಿಯಾರ ಹಿಡಿದು ನೋಡಿ. ಬೆಳಗ್ಗೆ 9ಕ್ಕೆ ರೂಮು ಖಾಲಿ ಮಾಡಬೇಕು. 10ಕ್ಕೆ ಚಾಂಗಿ ವಿಮಾನ ನಿಲ್ದಾಣ. 12.30ಕ್ಕೆ ವಿಮಾನ ಎದ್ದರೆ ಇಳಿಯೋದು ಒಂದೂವರೆ ಹೊತ್ತಿಗೆ. ಅಲ್ಲಿ ಇಮಿಗ್ರೇಷನ್ ಕ್ಯೂ, ಬ್ಯಾಗಿಗೆ ಕಾಯೋದು. ಕೌಲಾಲಂಪುರದ ವಿಮಾನ ನಿಲ್ದಾಣ ಇರೋದು ಊರಿಂದ 50 ಕಿಲೋಮೀಟರಿಗೂ ದೂರ. ರೂಮಿಗೆ ಹೋಗಿ ಕಾಲು ಚಾಚುವಾಗ ಸಂಜೆ ನಾಲ್ಕು, ನಾಲ್ಕೂವರೆ. ಒಂದು ಗಂಟೆಯ ಹಾರಾಟಕ್ಕೆ ಒಂದು ದಿನ ಹೋಯಿತು.

ಬಸ್ಸಾದರೆ ದೂರ ಸುಮಾರು 350 ಕಿಲೋಮೀಟರ್, ಐದಾರು ಗಂಟೆ. ಬಸ್ಸುಗಳು ಚೆನ್ನಾಗಿವೆ, ರಸ್ತೆ ಇನ್ನೂ ಚೆನ್ನಾಗಿದೆ. ತೊಂದರೆ ಇರೋದು ಗಡಿಯಲ್ಲಿ. ಸಿಂಗಾಪುರ ಬಿಡುವಾಗ ಒಮ್ಮೆ ಇಳಿಯಬೇಕು, ಮಲೇಷ್ಯಾ ಹೊಕ್ಕುವಾಗ ಲಗೇಜ್ ಸಮೇತ ಇನ್ನೊಮ್ಮೆ. ಸಿಂಗಾಪುರದವರು ಶನಿವಾರ–ಭಾನುವಾರ ಮತ್ತು ಅವರ ಶಾಲಾ ರಜೆಗಳಲ್ಲಿ ಸಾವಿರಗಟ್ಟಲೆ ಜನ ಪಕ್ಕದ ಜೊಹೊರ್ ಬಾರುಗೆ ಹೋಗ್ತಾರೆ. ಆ ದಿನಗಳಲ್ಲಿ ಸೇತುವೆ ಮೇಲೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತೆ. ಅಜ್ಜಿ, ಚಿಕ್ಕ ಹುಡುಗ ಇರುವ ಮನೆಯವರು ಬಸ್ಸಿನಲ್ಲಿ ಹೋಗೋದೇ ಆದರೆ ವಾರದ ನಡುವಿನ ದಿನ ನೋಡ್ಕೊಳ್ಳಬೇಕು.

ಅಂದರೆ ನಾಲ್ಕು ದಿನದಲ್ಲಿ ಮತ್ತೊಂದು ಹೋಗಿ ಮೂರು ಉಳಿಯಿತು. ಸಿಂಗಾಪುರಕ್ಕೆ ಎರಡು, ಕೌಲಾಲಂಪುರಕ್ಕೆ ಒಂದು. ಮಕ್ಕಳು ಕೇಳೋ ಯೂನಿವರ್ಸಲ್ ಸ್ಟುಡಿಯೋಸ್ ಒಂದೇ ಇಡೀ ದಿನ ತಿನ್ನುತ್ತೆ. ಮಂಡಾಯಿಯ ಝೂ, ನೈಟ್ ಸಫಾರಿ ಇನ್ನೊಂದು ದಿನ. ಗಾರ್ಡನ್ಸ್ ಬೈ ದಿ ಬೇ, ಸೆಂಟೋಸಾ ಬೀಚು, ಲಿಟಲ್ ಇಂಡಿಯಾದಲ್ಲಿ ಸಾಮಾನು ತಗೊಳ್ಳೋದು ಎಲ್ಲ ಹೊರಗೇ ಉಳೀತು. ಸಿಂಗಾಪುರ ದೇಶ ಅಂದ್ರೂ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಹಿಂದಿನ ಬಿಬಿಎಂಪಿ ವ್ಯಾಪ್ತಿಯಷ್ಟು. ಚಿಕ್ಕದು ಅಂತ ಎರಡು ದಿನದಲ್ಲಿ ಮುಗಿಯುತ್ತೆ ಅನ್ಕೊಂಡವರಿಗೆ ಅಲ್ಲಿ ಹೋದ ಮೇಲೆ ಗೊತ್ತಾಗುತ್ತೆ. ಬಿಸಿಲು, ಸೆಖೆ, ಮಧ್ಯಾಹ್ನದ ಮಳೆ ಮೂರೂ ಸೇರಿ ಆರು ವರ್ಷದ ಹುಡುಗನಿಂದ ದಿನಕ್ಕೆ ಒಂದೇ ದೊಡ್ಡ ಜಾಗ ನೋಡಿಸಬಹುದು.

ಹಾಗಾಗಿ 5 ರಾತ್ರಿ ಮಾತ್ರ ಸಿಗುತ್ತೆ ಅನ್ನೋರಿಗೆ ಒಂದೇ ಊರು ಸರಿ. 7 ರಾತ್ರಿ ಸಿಕ್ಕರೆ ಲೆಕ್ಕ ಬದಲಾಗುತ್ತೆ. ಮೊದಲ ದಿನ ಇಳಿದು ಮಲಗಿ, ಮೂರು ದಿನ ಸಿಂಗಾಪುರ, ಒಂದು ದಿನ ಪ್ರಯಾಣ, ಎರಡು ದಿನ ಕೌಲಾಲಂಪುರ, ಎಂಟನೇ ದಿನ ವಾಪಸು. ಯಾರೂ ಓಡಬೇಕಾಗಿಲ್ಲ. 6 ರಾತ್ರಿ ಅನ್ನೋದು ಮಧ್ಯದ ಲೆಕ್ಕ. ಅಲ್ಲಿ ಮನೆಯವರ ವಯಸ್ಸು, ಆರೋಗ್ಯ ನೋಡಿ ತೀರ್ಮಾನ ಮಾಡ್ಬೇಕು.

ಹೋದ ದಾರೀಲೇ ವಾಪಸ್ ಬರಬೇಡಿ

ಎರಡು ಊರು ಅಂತ ತೀರ್ಮಾನ ಆದರೆ ಟಿಕೆಟ್ ಮಾಡಿಸುವಾಗಲೇ ಒಂದು ದಿನ ಉಳಿಸೋ ದಾರಿ ಇದೆ. ಸುಮಾರು ಜನ ಬೆಂಗಳೂರು–ಸಿಂಗಾಪುರ–ಬೆಂಗಳೂರು ಅಂತ ಹೋಗಿಬರೋ ಟಿಕೆಟ್ ಮೊದಲು ತಗೊಂಡು, ಆಮೇಲೆ ಮಲೇಷ್ಯಾ ಸೇರಿಸ್ತಾರೆ. ಆಗ ಮಲೇಷ್ಯಾ ನೋಡಿ ಮತ್ತೆ ಸಿಂಗಾಪುರಕ್ಕೇ ಬಂದು ವಿಮಾನ ಹತ್ತಬೇಕು. ಪ್ರಯಾಣದ ದಿನ ಒಂದಿದ್ದದ್ದು ಎರಡಾಯಿತು. ಬೆಂಗಳೂರಿಗೆ ಕೌಲಾಲಂಪುರದಿಂದಲೂ ನೇರ ವಿಮಾನಗಳಿವೆ, ಸುಮಾರು ನಾಲ್ಕು ಗಂಟೆ ದಾರಿ. ಸಿಂಗಾಪುರದಲ್ಲಿ ಇಳಿದು ಕೌಲಾಲಂಪುರದಿಂದ ಹತ್ತುವ ಹಾಗೆ ಟಿಕೆಟ್ ಮಾಡಿಸಿ ಅಂತ ಏಜೆಂಟರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ಸುಲಭವಾದದ್ದನ್ನೇ ಮಾಡ್ತಾರೆ.

ನಡುವಿನ ವಿಮಾನ ಸಾಮಾನ್ಯವಾಗಿ ಬಜೆಟ್ ಕಂಪನಿಯದು. ಟಿಕೆಟ್ ಅಗ್ಗ ಅಂತ ಕಂಡರೂ ದೊಡ್ಡ ಬ್ಯಾಗಿಗೆ ಬೇರೆ ದುಡ್ಡು. ಅದನ್ನು ಬುಕಿಂಗ್ ಸಮಯದಲ್ಲೇ ಸೇರಿಸಿದರೆ ಕಡಿಮೆ, ಏರ್‌ಪೋರ್ಟ್ ಕೌಂಟರಿನಲ್ಲಿ ಕಟ್ಟಿದರೆ ಜೋರು. ಐದು ಜನರ ಲಗೇಜು, ಅದರ ಮೇಲೆ ಮುಸ್ತಫಾ ಸೆಂಟರಿನಲ್ಲಿ ಕೊಂಡ ಚಾಕೊಲೇಟು, ಸೆಂಟು ಎಲ್ಲ ಸೇರಿ ತೂಕ ಎಷ್ಟಾಗುತ್ತೆ ಅಂತ ತಕ್ಕಡಿ ಹಿಡಿಯೋ ಅಂಗಡಿಯವರಿಗೆ ಹೇಳಿಕೊಡಬೇಕಿಲ್ಲ.

ಅಜ್ಜಿ ಮತ್ತು 272 ಮೆಟ್ಟಿಲು

ಮಲೇಷ್ಯಾ ಸೇರಿಸೋಣ ಅನ್ನೋ ಒತ್ತಾಯ ಎಷ್ಟೋ ಮನೆಗಳಲ್ಲಿ ಹಿರಿಯರಿಂದಲೇ ಬರುತ್ತೆ. ಕಾರಣ ಬಾಟು ಗುಹೆಯ ಸುಬ್ರಹ್ಮಣ್ಯ. ಕೌಲಾಲಂಪುರದಿಂದ 13 ಕಿಲೋಮೀಟರ್ ಆಚೆ, ಸುಣ್ಣದ ಕಲ್ಲಿನ ಬೆಟ್ಟದ ಮುಂದೆ 42.7 ಮೀಟರ್ ಎತ್ತರದ ಬಂಗಾರ ಬಣ್ಣದ ಮುರುಗನ್ ವಿಗ್ರಹ ನಿಂತಿದೆ. ಪ್ರತಿಷ್ಠಾಪನೆ ಆದದ್ದು 2006ರಲ್ಲಿ. ಪಕ್ಕದಲ್ಲೇ ಬಣ್ಣಬಣ್ಣದ 272 ಮೆಟ್ಟಿಲು, ಮೇಲೆ ಗುಹೆಯೊಳಗೆ ದೇವಸ್ಥಾನ.

ಮಂಡಿ ನೋವಿರುವವರಿಗೆ 272 ಮೆಟ್ಟಿಲು ಕಷ್ಟವೇ. ಮೆಟ್ಟಿಲು ಕಡಿದಾಗಿವೆ, ಕೈಯಲ್ಲಿ ಏನಿದ್ದರೂ ಕಿತ್ತುಕೊಳ್ಳೋ ಕೋತಿಗಳು ಬೇರೆ. ಆದರೆ ದೊಡ್ಡ ವಿಗ್ರಹ ಇರೋದು ಕೆಳಗೆ, ಅದರ ಪಾದದ ಬಳಿ ನಿಂತು ಕೈಮುಗಿಯೋಕೆ ಒಂದು ಮೆಟ್ಟಿಲೂ ಹತ್ತಬೇಕಿಲ್ಲ. ಕೆಳಗೂ ದೇವಸ್ಥಾನಗಳಿವೆ. ಇದನ್ನು ಹೊರಡೋ ಮುಂಚೆಯೇ ಅಜ್ಜಿಗೆ ಹೇಳಬೇಕು. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಒಂದೋ ಹಟ ಹಿಡಿದು ಹತ್ತಿ ಮಾರನೇ ದಿನ ರೂಮಲ್ಲೇ ಮಲಗ್ತಾರೆ, ಇಲ್ಲ ಮನಸ್ಸಲ್ಲೇ ಕೊರಗ್ತಾರೆ. ಬೆಳಗ್ಗೆ ಎಂಟರೊಳಗೆ ಹೋದರೆ ಬಿಸಿಲೂ ಕಡಿಮೆ, ಜನವೂ ಕಡಿಮೆ. ಜನವರಿ–ಫೆಬ್ರುವರಿಯಲ್ಲಿ ಬರುವ ತೈಪೂಸಂ ಸಮಯದಲ್ಲಿ ಮಾತ್ರ ಅಲ್ಲಿ ಲಕ್ಷಗಟ್ಟಲೆ ಭಕ್ತರು ಸೇರುತ್ತಾರೆ, ಮಕ್ಕಳನ್ನು ಕಟ್ಟಿಕೊಂಡು ಹೋಗೋ ದಿನ ಅದಲ್ಲ.

ಉಳಿದಂತೆ ಕೌಲಾಲಂಪುರದಲ್ಲಿ 452 ಮೀಟರಿನ ಪೆಟ್ರೊನಾಸ್ ಅವಳಿ ಗೋಪುರ, ಕೇಬಲ್ ಕಾರಿನ ಗೆಂಟಿಂಗ್ ಬೆಟ್ಟ ಇವೆ. ಗೋಪುರದ ಒಳಗೆ ಸೋಮವಾರ ಬಿಡಲ್ಲ, ಹೊರಗಿನಿಂದ ರಾತ್ರಿ ದೀಪದಲ್ಲಿ ನೋಡೋಕೆ ಕಾಸು ಬೇಡ. ಸಸ್ಯಾಹಾರಿಗಳಿಗೆ ಎರಡೂ ಊರಲ್ಲಿ ಚಿಂತೆ ಇಲ್ಲ. ಸಿಂಗಾಪುರದ ಸೆರಂಗೂನ್ ರಸ್ತೆಯಲ್ಲೂ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲೂ ಇಡ್ಲಿ, ದೋಸೆ, ಬಾಳೆಎಲೆ ಊಟ ಸಿಗುತ್ತೆ.

ದೇವರು ಬೇಕಿಲ್ಲ, ಬೆಟ್ಟವೂ ಬೇಕಿಲ್ಲ, ಮಕ್ಕಳ ಖುಷಿಯೇ ಮುಖ್ಯ ಅನ್ನೋ ಮನೆಯವರಿಗೆ ಕೌಲಾಲಂಪುರ ಸೇರಿಸಬೇಕಾದ ದೊಡ್ಡ ಕಾರಣ ಇಲ್ಲ. ದೊಡ್ಡ ಊರಿಂದ ಇನ್ನೊಂದು ದೊಡ್ಡ ಊರಿಗೆ ಹೋದ ಹಾಗಾಗುತ್ತೆ. ಮಕ್ಕಳು ಎರಡೂ ಕಡೆ ಕೇಳೋದು ಹೋಟೆಲಿನ ಸ್ವಿಮ್ಮಿಂಗ್ ಪೂಲನ್ನೇ.

ಕಾಗದ ಪತ್ರ: ಒಂದು ದೇಶಕ್ಕೆ ಒಂದು ಲೆಕ್ಕ

ಸಿಂಗಾಪುರಕ್ಕೆ ಭಾರತೀಯರಿಗೆ ವೀಸಾ ಬೇಕೇ ಬೇಕು. ಅಧಿಕೃತ ಏಜೆಂಟರ ಮೂಲಕ ಹಾಕಬೇಕು. ಅರ್ಜಿ ಶುಲ್ಕ ತಲೆಗೆ 30 ಸಿಂಗಾಪುರ ಡಾಲರ್, ವೀಸಾ ಸಿಗದಿದ್ದರೂ ವಾಪಸ್ ಬರಲ್ಲ. ಏಜೆಂಟರ ಕಮಿಷನ್ ಬೇರೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಇಲ್ಲದೆ ಬಿಡ್ತಿದೆ. ಈ ಸೌಲಭ್ಯವನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಲಾಗಿತ್ತು. ಅದಾದ ಮೇಲೆ ಹೋಗೋರು ಟಿಕೆಟ್ ತಗೊಳ್ಳೋ ಮುಂಚೆ ನಿಯಮ ಏನಿದೆ ಅಂತ ನೋಡ್ಕೊಳ್ಳಬೇಕು. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ಕೈಯಲ್ಲಿರಲಿ, ಕೇಳಿದರೆ ತೋರಿಸಬೇಕು.

ಎರಡೂ ದೇಶಕ್ಕೆ ತಲುಪುವ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ಪ್ರತಿಯೊಬ್ಬರಿಗೂ ಬೇರೆ ಬೇರೆ. ಎರಡೂ ಸರ್ಕಾರಿ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಸೈಟು ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಮಲೇಷ್ಯಾದಿಂದ ಮತ್ತೆ ಸಿಂಗಾಪುರಕ್ಕೆ ಬರೋ ಯೋಜನೆ ಇದ್ದರೆ ಸಿಂಗಾಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದಾ ಅಂತ ಓದಿ ನೋಡಬೇಕು. ಜೊಹೊರ್‌ನ ಲೆಗೊಲ್ಯಾಂಡಿಗೆ ಒಂದೇ ದಿನಕ್ಕೆ ಹೋಗಿ ಬರೋರಿಗೂ ಇದೇ ಮಾತು.

ಇನ್ನು ಪಾಸ್‌ಪೋರ್ಟ್. ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ದೊಡ್ಡವರದ್ದು 10 ವರ್ಷ ನಡೆಯುತ್ತೆ, ಚಿಕ್ಕ ಮಕ್ಕಳದ್ದು ಐದೇ ವರ್ಷ. ಮಗು ಹುಟ್ಟಿದ ಹೊಸದರಲ್ಲಿ ಮಾಡಿಸಿಟ್ಟ ಪಾಸ್‌ಪೋರ್ಟ್ ಆರನೇ ವರ್ಷಕ್ಕೆ ಸತ್ತು ಹೋಗಿರುತ್ತೆ, ಬೀರುವಿನಲ್ಲಿರೋದರಿಂದ ಯಾರಿಗೂ ನೆನಪಿರಲ್ಲ.

ಜೇಬಿನ ಮಾತು

ಸಿಂಗಾಪುರ ಡಾಲರ್ 70 ರೂಪಾಯಿ ಆಸುಪಾಸು, ಮಲೇಷ್ಯಾದ ರಿಂಗಿಟ್ 20 ರೂಪಾಯಿಗಿಂತ ಹೆಚ್ಚು. ಎರಡು ದೇಶ ಅಂದ್ರೆ ಎರಡು ಬಗೆಯ ನೋಟು, ಎರಡು ಸಿಮ್. ಮಲೇಷ್ಯಾದಲ್ಲಿ ವಿದೇಶಿಯರಿಗೆ ರೂಮಿಗೆ ದಿನಕ್ಕೆ 10 ರಿಂಗಿಟ್ ಪ್ರವಾಸಿ ತೆರಿಗೆ ಇದೆ, ಅದನ್ನು ಎಷ್ಟೋ ಸಲ ಹೋಟೆಲ್ ಕೌಂಟರಿನಲ್ಲೇ ಕೇಳ್ತಾರೆ. ಏರ್‌ಪೋರ್ಟಿನಿಂದ ಊರಿಗೆ ರೈಲು ಅರ್ಧ ಗಂಟೆಯಲ್ಲಿ ತಲುಪಿಸುತ್ತೆ ಅಂದ್ರೂ ತಲೆಗೆ 55 ರಿಂಗಿಟ್. ಐದು ಜನ ಇದ್ದರೆ ದೊಡ್ಡ ಗ್ರ್ಯಾಬ್ ಕಾರೇ ಅಗ್ಗ.

ಅಂಗಡಿಯವರು ಗಮನಿಸಬೇಕಾದ್ದು ಟಿಸಿಎಸ್. ವಿಮಾನ, ಹೋಟೆಲ್ ಸೇರಿಸಿ ವಿದೇಶಿ ಪ್ಯಾಕೇಜ್ ಕೊಂಡರೆ ಏಜೆಂಟರು ಆದಾಯ ತೆರಿಗೆ ಇಲಾಖೆ ಪರವಾಗಿ ಒಂದಿಷ್ಟು ಶೇಕಡಾ ಹಿಡೀತಾರೆ. ದರ ಬಜೆಟ್ಟಿನಲ್ಲಿ ಬದಲಾಗ್ತಿರುತ್ತೆ. ಇದು ಹೋದ ದುಡ್ಡಲ್ಲ, ನಿಮ್ಮ ಪ್ಯಾನ್ ಹೆಸರಿಗೆ ಜಮಾ ಆಗುತ್ತೆ, ರಿಟರ್ನ್ ಹಾಕುವಾಗ ಹೊಂದಿಸ್ಕೋಬಹುದು. ಆದ್ದರಿಂದ ಬುಕಿಂಗ್‌ಗೆ ರಿಟರ್ನ್ ಹಾಕುವವರ ಪ್ಯಾನ್ ಕೊಡಬೇಕು. ಬರೀ ವಿಮಾನ ಟಿಕೆಟ್ ಅಷ್ಟೇ ಕೊಂಡರೆ ಅದು ಪ್ಯಾಕೇಜ್ ಲೆಕ್ಕಕ್ಕೆ ಬರಲ್ಲ.

ಮಲೇಷ್ಯಾ ಬದಲು ಬಾಲಿ ಸೇರಿಸೋಣ ಅನ್ನೋರೂ ಇದ್ದಾರೆ. ಸಿಂಗಾಪುರದಿಂದ ಎರಡೂವರೆ ಗಂಟೆ ಹಾರಾಟ, ಇಳಿದ ಮೇಲೆ ತಲೆಗೆ 5 ಲಕ್ಷ ರುಪಿಯಾ ವೀಸಾ, 1.5 ಲಕ್ಷ ರುಪಿಯಾ ಪ್ರವಾಸಿ ಶುಲ್ಕ. ಐದು ಜನಕ್ಕೆ ನಮ್ಮ ದುಡ್ಡಲ್ಲಿ 15 ಸಾವಿರ ದಾಟುತ್ತೆ. ಎಂಟು ದಿನದೊಳಗೆ ಅದು ಬೇಡವೇ ಬೇಡ.

ಕೊನೆಗೆ ಎರಡು ಚಿಕ್ಕ ವಿಷಯ. ಗುಟ್ಕಾ, ಜಗಿಯುವ ತಂಬಾಕು ಸಿಂಗಾಪುರಕ್ಕೆ ಒಯ್ಯುವಂತಿಲ್ಲ, ಚ್ಯೂಯಿಂಗ್ ಗಮ್ ಕೂಡ ಇಲ್ಲ. ಜೇಬಿನ ಮೂಲೆಯಲ್ಲಿ ಉಳಿದ ಒಂದು ಪೊಟ್ಟಣಕ್ಕೂ ಕಸ್ಟಮ್ಸ್‌ನವರು ನಿಲ್ಲಿಸಬಹುದು. ಇನ್ನೊಂದು, ರಾತ್ರಿ 9ಕ್ಕೆ ಬಾಗಿಲು ಹಾಕಿ ಆವತ್ತಿನ ವ್ಯಾಪಾರದ ಲೆಕ್ಕ ಹೇಳೋಕೆ ಭಾವಮೈದುನ ಫೋನ್ ಮಾಡುವಾಗ ಅಲ್ಲಿ ಹನ್ನೊಂದೂವರೆ ಆಗಿರುತ್ತೆ. ಬೆಳಗ್ಗೆ ಬೇಗ ಏಳಬೇಕಾದವರು ಲೆಕ್ಕವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕೋಕೆ ಹೇಳಿ ಮಲಗಬಹುದು.