ಸುತ್ತಿಗೆಯ ಸದ್ದು ಕೇಳಿ ಕಟ್ಟುವ ಜೀಪು

ನೆಕ್ರಾಜೆ ಎಂಬ ಹಳ್ಳಿಯ ಒಳದಾರಿಯಲ್ಲಿ ತಗಡು ಹೊದೆಸಿದ ಒಂದು ಶೆಡ್ಡು. ಒಳಗೆ ನಾಲ್ಕು ಮರದ ದಿಮ್ಮಿಗಳ ಮೇಲೆ ಜೀಪಿನ ಬರಿಯ ಚಾಸಿ ಕೂತಿತ್ತು. ಬಾಡಿ ಹೊರಗೆ ಹಲಸಿನ ಮರದ ಬುಡದಲ್ಲಿ ಮಗುಚಿ ಬಿದ್ದಿತ್ತು. ಮೇಸ್ತ್ರಿ ಸಣ್ಣ ಸುತ್ತಿಗೆ ಹಿಡಿದು ಚಾಸಿಯುದ್ದಕ್ಕೂ ಗೇಣು ಗೇಣಿಗೊಮ್ಮೆ ಕುಟ್ಟುತ್ತಾ ಹೋದರು. ಟಣ್, ಟಣ್, ಟಣ್. ಹಿಂದಿನ ಸ್ಪ್ರಿಂಗ್ ಪಟ್ಟಿ ಕೂರುವಲ್ಲಿಗೆ ಬಂದಾಗ ಸದ್ದು ದಪ್ಪೆಂದಿತು. “ನೋಡಿ ಮಾಷ್ಟ್ರೇ, ಇಲ್ಲಿ ಪೈಂಟ್ ಮಾತ್ರ ಉಂಟು, ಕಬ್ಬಿಣ ಇಲ್ಲ” ಎಂದು ಅಲ್ಲಿಗೆ ಸೀಮೆಸುಣ್ಣದ ಗೆರೆ ಎಳೆದರು. ಸ್ಕ್ರೂಡ್ರೈವರ್ ಒತ್ತಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗಿ ಉದುರಿತು. ಜೊತೆಗೆ ಉದುರಿದ್ದು ಎಷ್ಟೋ ಮಳೆಗಾಲಗಳ ಮುರಕಲ್ಲಿನ ಕೆಂಪು ಮಣ್ಣು.

ಕಡಿಮೆ ದುಡ್ಡಿನಲ್ಲಿ ಗಾಡಿ ಕಟ್ಟುವವರ ಕಸುಬು ಶುರುವಾಗುವುದೇ ಈ ಸುತ್ತಿಗೆಯಿಂದ.

ಅಮೆರಿಕದಲ್ಲಿ ಇಂಥ ಗಾಡಿಗಳಿಗೆ ‘ರ‍್ಯಾಟ್ ರಾಡ್’ ಎನ್ನುತ್ತಾರೆ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ, ಆಮೇಲೆ ಬಂದ ಮಾಡೆಲ್ ಎ, ಇವು ಗುಜರಿಗೆ ಬಿದ್ದಾಗ ಕ್ಯಾಲಿಫೋರ್ನಿಯಾದ ಹುಡುಗರು ಎತ್ತಿಕೊಂಡು ಬಂದು ಬೇರೆ ಎಂಜಿನ್ ಕೂರಿಸಿ ಓಡಿಸಿದರು. ಮುಂದೆ ಆ ಹವ್ಯಾಸ ಶ್ರೀಮಂತರ ಕೈಸೇರಿತು. ಲಕ್ಷಗಟ್ಟಲೆ ಸುರಿದು ಕನ್ನಡಿಯಂತೆ ಹೊಳೆಯಿಸಿದ ಕಾರುಗಳು ರಸ್ತೆಗೆ ಇಳಿಯದೆ ಪ್ರದರ್ಶನಕ್ಕಷ್ಟೇ ಉಳಿದವು. ಅದಕ್ಕೆ ಎದುರುತ್ತರವಾಗಿ ತುಕ್ಕು, ವೆಲ್ಡಿಂಗ್ ಗುರುತು, ಅರೆಬರೆ ಬಣ್ಣ ಯಾವುದನ್ನೂ ಮುಚ್ಚಿಡದ ರ‍್ಯಾಟ್ ರಾಡ್ ಬಂತು.

ನಮ್ಮ ಗುಡ್ಡೆಗಳ ಮಾಡೆಲ್ ಟಿ ಎಂದರೆ ಜೀಪು. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಹಳೆಯ ಜೀಪಿನ ಬಾನೆಟ್ ಅಷ್ಟು ಎತ್ತರ ಯಾಕೆಂದು ನಾನು ಬಹಳ ವರ್ಷ ಯೋಚಿಸಿದ್ದೆ. ಒಳಗಿರುವ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ಎತ್ತರವಾದದ್ದು, ಅದು ಹಿಡಿಸಲೆಂದು ಬಾನೆಟ್ಟನ್ನೇ ಎತ್ತರಿಸಿದ್ದು! ಆ ಎಂಜಿನ್ ಪೆಟ್ರೋಲನ್ನು ಗಟಗಟ ಕುಡಿಯುತ್ತಿತ್ತು. ಹಾಗಾಗಿ ಅಗ್ಗದ ಡೀಸೆಲ್ಲಿನ ಕಡೆಗೆ ಎಲ್ಲರ ಕಣ್ಣು ಹೋಯಿತು. ಕಂಪನಿಯೇ ಪೆಜೋ ಡೀಸೆಲ್ ಎಂಜಿನ್ನಿನ ಜೀಪುಗಳನ್ನು ತಂದಿತು, ಊರಿನ ಮೇಸ್ತ್ರಿಗಳು ಸಿಕ್ಕಿದ ಡೀಸೆಲ್ ಎಂಜಿನನ್ನು ಹಳೆ ಪೆಟ್ರೋಲ್ ಜೀಪಿಗೆ ಇಳಿಸಿದರು.

ಇಳಿಸುವುದು ದೊಡ್ಡ ವಿಷಯವಲ್ಲ. ಅದರ ಹಿಂದೆ ಬರುವ ಲೆಕ್ಕಾಚಾರ ಗೊತ್ತಿರಬೇಕು. ಡೀಸೆಲ್ ಎಂಜಿನ್ ಭಾರ ಹೆಚ್ಚು. ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಬೇಕು, ಇಲ್ಲವಾದರೆ ಮೂಗು ತಗ್ಗುತ್ತದೆ. ಎಂಜಿನ್ ಮೌಂಟಿಂಗ್ ಒಂದು ಬೆರಳಿನಷ್ಟು ಓರೆಯಾದರೂ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಬೇಗ ಸವೆಯುತ್ತದೆ. ಭಾರ ಹೆಚ್ಚಾದ ಮೇಲೆ ಹಳೆ ಬ್ರೇಕು ಸಾಲದು. ಒಂದು ಭಾಗ ಬದಲಿಸಿದರೆ ಉಳಿದ ನಾಲ್ಕು ಭಾಗಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಮೊದಲೇ ಕಾಣಬಲ್ಲವನು ನಿಜವಾದ ಮೇಸ್ತ್ರಿ. ಇಂಥ ಮೇಸ್ತ್ರಿಗಳ ವಿದ್ಯೆಯನ್ನು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ ಎಂಬುದು ನನ್ನ ದೊಡ್ಡ ಚಿಂತೆ.

ಬ್ರೇಕಿನ ಮಾತು ನನಗೆ ಬರೀ ಮಾತಲ್ಲ. ಹಿಂದೊಮ್ಮೆ ಅಡಿಕೆ ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ನಮ್ಮ ಜೀಪಿನ ಬ್ರೇಕ್ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹಳೆಯ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸಾಲಿನ ಎಣ್ಣೆ. ಒಂದು ಕಡೆ ಪೈಪು ಸೋರಿದರೂ ನಾಲ್ಕರ ಬ್ರೇಕೂ ಹೋಯಿತು. ಲೋ ಗೇರಿನಲ್ಲಿದ್ದುದರಿಂದ ದರೆಗೆ ಒರಗಿಸಿ ನಿಲ್ಲಿಸಿದೆವು. ಅಂದಿನಿಂದ ಯಾರು ಹಳೆ ಜೀಪು ತೋರಿಸಿದರೂ ನಾನು ಮೊದಲು ಬಗ್ಗಿ ನೋಡುವುದು ಬ್ರೇಕ್ ಪೈಪನ್ನು. ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಸಾಲು ಇರುವ ಮಾಸ್ಟರ್ ಸಿಲಿಂಡರ್ ಹಾಕಿಸಿ, ಆಮೇಲೆ ಸ್ಟೇರಿಂಗ್ ಬಾಕ್ಸಿನ ಸಡಿಲ ತೆಗೆಸಿ, ಆಮೇಲೆ ಟಯರು. ಇಷ್ಟಾದ ಮೇಲೆ ಕಿಸೆಯಲ್ಲಿ ಏನಾದರೂ ಉಳಿದರೆ ಸೀಟಿಗೆ ರೆಕ್ಸಿನ್. ಬಣ್ಣವನ್ನು ಬ್ರಶ್ಶಿನಲ್ಲಿ ಮನೆಯಲ್ಲೇ ಬಳಿದರೂ ಆಗುತ್ತದೆ, ಬಳಿಯದಿದ್ದರೂ ಆಗುತ್ತದೆ.

ಹೀಗೆ ಕಡಿಮೆ ದುಡ್ಡಿನಲ್ಲಿ ಇಡೀ ಗಾಡಿಯನ್ನೇ ಕಟ್ಟಿದವರೂ ಇದ್ದಾರೆ. ಬೆಳಗಾವಿಯ ಪಕ್ಕದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಎಂಬ ಹಳ್ಳಿಯ ದತ್ತಾತ್ರೇಯ ಲೋಹಾರ್ ಹಳೆ ಸಾಮಾನುಗಳಿಂದಲೇ ಪುಟ್ಟ ಜೀಪೊಂದನ್ನು ಕಟ್ಟಿದರು. ಖರ್ಚು ಸುಮಾರು 60 ಸಾವಿರ ರೂಪಾಯಿ. ಬೈಕಿನಂತೆ ಕಿಕ್ ಹೊಡೆದು ಸ್ಟಾರ್ಟ್ ಮಾಡುವ ಗಾಡಿ. 2021ರ ಡಿಸೆಂಬರಿನಲ್ಲಿ ಅದನ್ನು ಕಂಡ ಮಹೀಂದ್ರ ಕಂಪನಿಯ ಮುಖ್ಯಸ್ಥ ಆನಂದ್ ಮಹೀಂದ್ರ, ನಿಯಮಕ್ಕೆ ಒಳಪಡದ ಈ ಗಾಡಿಯನ್ನು ಅಧಿಕಾರಿಗಳು ಒಂದಲ್ಲ ಒಂದು ದಿನ ತಡೆದಾರೆಂದು ಹೇಳಿ, ಬದಲಿಗೆ ತಮ್ಮ ಕಂಪನಿಯ ಬೊಲೆರೊ ಕೊಡುವುದಾಗಿ ಮುಂದೆ ಬಂದರು. 2022ರ ಜನವರಿಯಲ್ಲಿ ಕೊಟ್ಟರು ಕೂಡ. ಬೊಲೆರೊಗಿಂತ ಆ ಕಿಕ್ ಸ್ಟಾರ್ಟಿನ ಯೋಚನೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ.

ಆನಂದ್ ಮಹೀಂದ್ರ ಹೇಳಿದ ಕಾನೂನಿನ ತೊಡಕು ನಿಜವಾದದ್ದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸುವುದಾದರೆ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಅಗ್ಗಕ್ಕೆ ಸಿಕ್ಕಿತೆಂದು ಕಾಗದಪತ್ರ ನೋಡದೆ ಜೀಪು ಎಳೆದು ತಂದವರು ಚಾಸಿ ನಂಬರ್ ತಾಳೆಯಾಗದೆ ಕಣ್ಣೀರು ಹಾಕುತ್ತಾರೆ. ತೋಟದೊಳಗೆ ಗೊಬ್ಬರ ಹೊರುವ ಗಾಡಿಯ ಮಾತು ಬೇರೆ, ಚೆರ್ಕಳ ಪೇಟೆಯ ರಸ್ತೆಗೆ ಇಳಿಯುವ ಗಾಡಿಯ ಮಾತು ಬೇರೆ.

ತಿಂಗಳೆರಡು ಕಳೆದು ಅದೇ ಶೆಡ್ಡಿಗೆ ಹೋದೆ. ಗೆರೆ ಎಳೆದಿದ್ದ ಜಾಗವನ್ನು ಕತ್ತರಿಸಿ, ದಪ್ಪ ಪ್ಲೇಟ್ ಇಟ್ಟು ಎರಡೂ ಬದಿಯಿಂದ ವೆಲ್ಡ್ ಮಾಡಿದ್ದರು. ಬಾಡಿಯ ತೇಪೆಗಳು ಹಾಗೆಯೇ ಕಾಣುತ್ತಿದ್ದವು, ಬಾನೆಟ್ಟಿಗೆ ರೆಡ್ ಆಕ್ಸೈಡ್ ಮಾತ್ರ. ಮೇಸ್ತ್ರಿ ಜೀಪನ್ನು ಏರಿನ ನಡುವೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ ಹ್ಯಾಂಡ್ ಬ್ರೇಕ್ ಎಳೆದರು. ಹುಡುಗನನ್ನು ಕರೆದು ಕಲ್ಲು ತೆಗೆಯಲು ಹೇಳಿದರು. ಹುಡುಗ ತೆಗೆದ. ಜೀಪು ಒಮ್ಮೆ ಕಿರ್ರೆಂದಿತು, ನಿಂತಲ್ಲೇ ನಿಂತಿತು. “ಇನ್ನು ಕೊಂಡುಹೋಗ್ಲಿಕ್ಕೆ ಹೇಳಬಹುದು” ಎಂದು ಅವರು ಕೈ ಒರೆಸಿಕೊಂಡರು.