ಕೋಲ್ಕತ್ತದ ಫೈಲು ಮತ್ತು ಒಂದು ಖಾಲಿ ಜಾಗ

ಬೆಂಗಳೂರಿನಲ್ಲಿ ಕುಳಿತು ಲಿನಕ್ಸ್ ಹಾಕಿಕೊಂಡರೂ ಗಡಿಯಾರ ಹೊಂದಿಸುವಾಗ ಎದುರಾಗುವ ಊರು ಕೋಲ್ಕತ್ತ. ಯುನಿಕ್ಸ್ ಯಂತ್ರಗಳು ನೆಚ್ಚಿಕೊಂಡಿರುವ ಕಾಲವಲಯಗಳ ಡೇಟಾಬೇಸಿನಲ್ಲಿ ಭಾರತದ ಸಮಯವಿರುವುದು 'ಏಷ್ಯಾ/ಕೋಲ್ಕತ್ತ' ಎಂಬ ಫೈಲಿನಲ್ಲಿ. 2001ರಲ್ಲಿ ಊರಿನ ಹೆಸರು ಬದಲಾಯಿತು. ಹಳೆಯ ಪ್ರೋಗ್ರಾಂಗಳು ಮುಗ್ಗರಿಸದಿರಲೆಂದು 'ಕಲ್ಕತ್ತ'ವನ್ನೂ ಉಳಿಸಿಕೊಂಡಿದ್ದಾರೆ.

ಈ ಫೈಲು ಎಲ್ಲಿದೆಯೆಂದು 'ಫೈಂಡ್' ಕಮಾಂಡ್ ಹೇಳುತ್ತದೆ. ಅದರ ಗಾತ್ರ, ದಿನಾಂಕ ತಿಳಿಯಲು 'ಎಲ್‌ಎಸ್' ಬೇಕು. ನಡುವೆ, ಒಂದರ ಉತ್ತರವನ್ನು ಇನ್ನೊಂದಕ್ಕೆ ಹರಿಸುವ ಪೈಪ್ ಹಾಕಿದರಾಯಿತು ಎಂದುಕೊಳ್ಳುವುದು ಸಹಜ. ನಾನೂ ಹಾಗೇ ಮಾಡಿದ್ದೆ. ಪೈಪಿನಲ್ಲಿ ಹರಿದು ಬಂದದ್ದನ್ನು ಎಲ್‌ಎಸ್ ಕಣ್ಣೆತ್ತಿಯೂ ನೋಡದೆ ನಾನಿದ್ದ ಫೋಲ್ಡರಿನ ಪಟ್ಟಿಯನ್ನೇ ಒಪ್ಪಿಸಿತು. ಪೈಪ್ ಒದಗಿಸುವುದು ಇನ್‌ಪುಟ್. ಎಲ್‌ಎಸ್ ಓದುವುದಾದರೋ ತನ್ನ ಹೆಸರಿನ ಮುಂದೆ ಬರೆದ ಪದಗಳನ್ನು, ಅಂದರೆ ಆರ್ಗ್ಯುಮೆಂಟುಗಳನ್ನು ಮಾತ್ರ.

ಆದ್ದರಿಂದ ಫೈಂಡ್ ಕಮಾಂಡನ್ನು $( ) ಒಳಗಿಟ್ಟು ಎಲ್‌ಎಸ್‌ನ ಮುಂದೆ ಬರೆಯಬೇಕು. ನಾವು ಬರೆದ ಕಮಾಂಡುಗಳನ್ನು ಓದಿ ನಡೆಸುವ ಶೆಲ್ ಮೊದಲು ಆವರಣದೊಳಗಿನದನ್ನು ನಡೆಸಿ, ಬಂದ ಉತ್ತರವನ್ನು ಅದೇ ಜಾಗಕ್ಕೆ ಅಂಟಿಸಿ, ಆಮೇಲೆ ಇಡೀ ಸಾಲನ್ನು ನಡೆಸುತ್ತದೆ. ಆ ವಿಳಾಸ ನಾವು ಟೈಪಿಸಿದ್ದೋ ಫೈಂಡ್ ಹುಡುಕಿದ್ದೋ ಎಲ್‌ಎಸ್‌ಗೆ ಗೊತ್ತೇ ಆಗುವುದಿಲ್ಲ. 1979ರಲ್ಲಿ ಹೊರಬಂದ ಬೋರ್ನ್ ಶೆಲ್‌ನಲ್ಲಿ ಈ ಕೆಲಸಕ್ಕೆ ` ಚಿಹ್ನೆಯಿತ್ತು. ಒಂದರೊಳಗೊಂದು ಕೂರಿಸಲು ಹೋದರೆ ಅದು ತಲೆನೋವು. ಡೇವಿಡ್ ಕಾರ್ನ್ ತಮ್ಮ ಶೆಲ್‌ನಲ್ಲಿ ಡಾಲರ್ ಮತ್ತು ಆವರಣ ತಂದು ಉಪಕಾರ ಮಾಡಿದರು.

ತೊಡಕಿರುವುದು ಅಂಟಿಸಿದ ಮೇಲೆ. ಖಾಲಿ ಜಾಗ, ಸಾಲಿನ ಕೊನೆ ಕಂಡಲ್ಲೆಲ್ಲ ಶೆಲ್ ಉತ್ತರವನ್ನು ತುಂಡರಿಸುತ್ತದೆ. ಕೋಲ್ಕತ್ತ ಒಂದೇ ಪದ, ಬಚಾವು. ಅಲ್ಲಿನ ಸಿಹಿ ಮೊಸರು 'ಮಿಷ್ಟಿ ದೋಯಿ'ಯ ಹೆಸರನ್ನು ಫೈಲಿಗೆ ಇಟ್ಟು ನೋಡಿ: ಎಲ್‌ಎಸ್ ಮಿಷ್ಟಿಯೂ ಇಲ್ಲ, ದೋಯಿಯೂ ಇಲ್ಲ ಎಂದು ಎರಡು ದೂರು ಹೇಳುತ್ತದೆ. ಕಾಲವಲಯದ ಡೇಟಾಬೇಸಿನಲ್ಲಂತೂ ನ್ಯೂಯಾರ್ಕ್‌ನ ಎರಡು ಪದಗಳ ನಡುವೆ ಖಾಲಿ ಜಾಗವಿಲ್ಲ, ಅಡಿಗೆರೆಯಿದೆ.

$( ) ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕಿದರೆ ಉತ್ತರ ಒಡೆಯದು. ಆದರೆ ಫೈಂಡ್‌ಗೆ ಮೂರು ಕೋಲ್ಕತ್ತಗಳು ಸಿಕ್ಕರೆ (ಕೆಲವು ಲಿನಕ್ಸ್‌ಗಳಲ್ಲಿ ಸಿಗುತ್ತವೆ) ಮೂರೂ ಸೇರಿ ಒಂದೇ ಉದ್ದನೆಯ, ಎಲ್ಲೂ ಇಲ್ಲದ ಹೆಸರಾಗುತ್ತದೆ. ಅಲ್ಲಿಗೆ 'ಎಕ್ಸ್‌ಆರ್ಗ್ಸ್' ಸರಿ. ಪೈಪಿನಲ್ಲಿ ಬಂದದ್ದನ್ನು ಆರ್ಗ್ಯುಮೆಂಟುಗಳಾಗಿ ಬದಲಿಸಿ ಮುಂದಿನ ಕಮಾಂಡಿಗೆ ಕೊಡುವುದೇ ಅದರ ಕಸುಬು. ಹೆಸರುಗಳ ನಡುವೆ ಶೂನ್ಯ ಬೈಟ್ ಇಡುವಂತೆ ಫೈಂಡ್‌ಗೂ ಅದನ್ನು ನೋಡಿ ಬೇರ್ಪಡಿಸುವಂತೆ ಎಕ್ಸ್‌ಆರ್ಗ್ಸ್‌ಗೂ ಹೇಳಿದರೆ ಗೊಂದಲವಿಲ್ಲ. ಯಾವ ಫೈಲಿನ ಹೆಸರಿನಲ್ಲೂ ಆ ಬೈಟ್ ಇರುವಂತಿಲ್ಲ.

ಎಲ್‌ಎಸ್ ತಪ್ಪಿದರೆ ದೂರು ಬರುತ್ತದೆ, ಅಷ್ಟೇ. ಅದರ ಜಾಗದಲ್ಲಿ ಫೈಲ್ ಅಳಿಸುವ 'ಆರ್‌ಎಂ' ಇದ್ದು, 'ದೋಯಿ' ಎಂಬ ಬೇರೊಂದು ಫೈಲು ನಿಜಕ್ಕೂ ಅಲ್ಲಿದ್ದರೆ ಅದು ಹೋಯಿತು. ಆರ್‌ಎಂ ಬರೆಯುವ ಮೊದಲು ಅದೇ ಸಾಲನ್ನು ಒಮ್ಮೆ ಎಲ್‌ಎಸ್ ಹಾಕಿ ನಡೆಸಿ ನೋಡಿ.